ಸಾಕ್ಷ್ಯಚಿತ್ರದಲ್ಲಿ ಪಕ್ಷಪಾತ: ಒಂದು ವಿವೇಚನೆ

ಕೃಷ್ಣರಾಜಪೇಟೆಯಿಂದ ಶ್ರವಣಬೆಳಗೊಳಕ್ಕೆ ಹೋಗುವ ಹಾದಿಯಲ್ಲಿ ಕಿಕ್ಕೇರಿ ಸಿಗುತ್ತದೆ. 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಆಳಿಕೆಯಲ್ಲಿ, ಬಮ್ಮವೆ ನಾಯಕಿತಿ ಎಂಬಾಕೆ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯ ಅಲ್ಲಿದೆ. ಅದರ ಕಂಬಗಳ ಮದನಿಕೆಯರನ್ನು ಕಂಡವರು ಬೇಲೂರನ್ನು ನೆನೆಯದೆ ಇರಲಾರರು. ಆದರೂ ಹೊಯ್ಸಳ ಶಿಲ್ಪವನ್ನು ಕುರಿತ ಸಾಕ್ಷ್ಯಚಿತ್ರಗಳಲ್ಲಿ ಕಿಕ್ಕೇರಿ ಕಾಣಿಸಿಕೊಳ್ಳುವುದು ವಿರಳ. ಕ್ಯಾಮೆರಾ ಬೇಲೂರಿಗೆ ಹೋಗುತ್ತದೆ, ಹಳೇಬೀಡಿಗೆ ಹೋಗುತ್ತದೆ, ಸೋಮನಾಥಪುರದಲ್ಲಿ ನಿಂತು ಮುಗಿಯುತ್ತದೆ. 2023ರಲ್ಲಿ ಈ ಮೂರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ದಾರಿ ಇನ್ನಷ್ಟು ಸವೆದಿದೆ. ಹಾಗೆಯೇ ಬೆಳಗೊಳವನ್ನು ಕುರಿತ ಚಿತ್ರಗಳೂ ಸಾಮಾನ್ಯವಾಗಿ ಎರಡು ಬೆಟ್ಟಗಳಲ್ಲಿಯೇ ತೃಪ್ತಿಪಡುತ್ತವೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆಯೆಂಬುದು ಅವುಗಳಿಗೆ ನೆನಪಾಗುವುದಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೂರು ಗುಡಿಗಳನ್ನು ತೋರಿಸಿ ಇದು ಹೊಯ್ಸಳ ಶಿಲ್ಪವೆಂದರೆ ಆ ಮಾತು ನಿಜ. ಹೊಯ್ಸಳ ಶಿಲ್ಪವೆಂದರೆ ಇಷ್ಟೇ ಎಂಬ ಭಾವನೆಯನ್ನು ನೋಡುಗ ಮನೆಗೆ ಕೊಂಡೊಯ್ದರೆ ಅದು ನಿಜವಲ್ಲ. ಸಾಕ್ಷ್ಯಚಿತ್ರದ ಪಕ್ಷಪಾತವನ್ನು ಕುರಿತ ಚರ್ಚೆಯೆಲ್ಲ ಈ ಎರಡು ಮಾತುಗಳ ನಡುವಣ ಅಂತರದ ಚರ್ಚೆಯಾಗಿದೆ.

ಜೈನ ಸಮಾಜಕ್ಕೆ ಈ ಚರ್ಚೆ ದೂರದ್ದಲ್ಲ. ಒಂದು ಕಡೆ ಕ್ಷೇತ್ರಗಳ ಟ್ರಸ್ಟುಗಳೂ ಉತ್ಸವ ಸಮಿತಿಗಳೂ ಹಣ ಕೊಟ್ಟು ಚಿತ್ರಗಳನ್ನು ಮಾಡಿಸುತ್ತವೆ. ಮಹಾಮಸ್ತಕಾಭಿಷೇಕ ನಡೆದ 1981, 1993, 2006, 2018ರ ವರ್ಷಗಳಲ್ಲಿ ಕ್ಯಾಮೆರಾಗಳಿಗೆ ಬೆಟ್ಟದ ಮೇಲೆ ಬಿಡುವೇ ಇರಲಿಲ್ಲ. ಇನ್ನೊಂದು ಕಡೆ ಹೊರಗಿನವರು ಸಲ್ಲೇಖನದಂತಹ ವಿಷಯವನ್ನು ಕುರಿತು ಚಿತ್ರ ತೆಗೆದಾಗ ಏಕಪಕ್ಷೀಯವೆಂಬ ದೂರು ಕೇಳಿಬರುತ್ತದೆ. ತಾನು ಮಾಡಿಸಿದ ಚಿತ್ರದಲ್ಲಿ ಕಾಣದ ದೋಷ ಇತರರ ಚಿತ್ರದಲ್ಲಿ ಕಾಣುವುದು ಮನುಷ್ಯ ಸಹಜ. ಆದರೆ ದೂರಿಗೆ ತೂಕ ಬರಬೇಕಾದರೆ, ಯಾವ ಪಕ್ಷಪಾತ ಸಹ್ಯ, ಯಾವುದು ಅಸಹ್ಯ ಎಂಬುದಕ್ಕೆ ಎರಡೂ ಕಡೆ ಅನ್ವಯವಾಗುವ ಒಂದೇ ಅಳತೆಗೋಲು ಇರಬೇಕಾಗುತ್ತದೆ.

ಜಾನ್ ಗ್ರಿಯರ್ಸನ್ 1926ರಲ್ಲಿ, ರಾಬರ್ಟ್ ಫ್ಲಾಹರ್ಟಿಯವರ 'ಮೊಆನಾ' ಚಿತ್ರವನ್ನು ವಿಮರ್ಶಿಸುತ್ತ 'ಡಾಕ್ಯುಮೆಂಟರಿ' ಎಂಬ ಪದವನ್ನು ಬಳಸಿದರು. ಅದರ ಮೂಲದಲ್ಲಿರುವುದು ದಸ್ತಾವೇಜು, ಅಂದರೆ ಕಾಗದಪತ್ರ. ಕನ್ನಡದಲ್ಲಿ ಬಂದ ಪದ ಅದಲ್ಲ. ಕನ್ನಡ ಅದನ್ನು ಸಾಕ್ಷ್ಯಚಿತ್ರವೆಂದು ಕರೆಯಿತು. ಕಾಗದ ಮಾತಾಡುವುದಿಲ್ಲ, ಸಾಕ್ಷಿ ಮಾತಾಡುತ್ತಾನೆ. ಸಾಕ್ಷಿಗೆ ಒಂದು ನಿಂತ ನೆಲೆಯಿದೆ. ಜಗಳ ನಡೆದಾಗ ಅವನು ಜಗುಲಿಯ ಮೇಲಿದ್ದನೋ ಬಾವಿಕಟ್ಟೆಯ ಬಳಿ ಇದ್ದನೋ ಎಂಬುದರ ಮೇಲೆ ಅವನು ಕಂಡದ್ದು ನಿರ್ಧಾರವಾಗುತ್ತದೆ. ಅವನು ಒಂದು ಪಕ್ಷದವನೇ ಆಗಿರಬಹುದು. ವಾದಿಯ ತಮ್ಮನೂ ಸಾಕ್ಷಿ ಹೇಳಬಹುದು. ನ್ಯಾಯಾಲಯ ಅವನನ್ನು ಕೇಳುವುದು ಎರಡೇ: ಎಲ್ಲಿ ನಿಂತಿದ್ದೆ, ಕಾಣದ್ದನ್ನು ಸೇರಿಸಿ ಹೇಳುತ್ತಿಲ್ಲ ತಾನೆ? ಎರಡೂ ಪಕ್ಷಗಳನ್ನು ಸಮನಾಗಿ ಕೇಳಬೇಕಾದ ಹೊಣೆ ನ್ಯಾಯಪೀಠದ್ದು, ಸಾಕ್ಷಿಯದಲ್ಲ. ಸಾಕ್ಷ್ಯಚಿತ್ರಗಳ ಬಗೆಗಿನ ಬಹಳಷ್ಟು ಆಕ್ಷೇಪಗಳು ಸಾಕ್ಷಿಯನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿ, ಅವನು ಸಾಕ್ಷಿಯಂತೆ ಮಾತಾಡಿದನೆಂದು ದೂರುತ್ತವೆ.

ಆಯ್ಕೆಯಿಲ್ಲದ ಚಿತ್ರವೇ ಇಲ್ಲ. ಗಿರೀಶ ಕಾರ್ನಾಡರು 1972ರಲ್ಲಿ ದ.ರಾ. ಬೇಂದ್ರೆಯವರನ್ನು ಕುರಿತು ತೆಗೆದ ಚಿತ್ರದಲ್ಲಿ ಅಭಿಮಾನವಿದೆ. ಅದನ್ನು ಯಾರೂ ದೋಷವೆಂದು ಎಣಿಸಿಲ್ಲ. ಕಿಕ್ಕೇರಿಯ ಕವಿಯನ್ನೇ ತೆಗೆದುಕೊಳ್ಳಬಹುದು. 1915ರಲ್ಲಿ ಅಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರನ್ನು ಕುರಿತು ಚಿತ್ರ ಮಾಡುವವನು 'ಮೈಸೂರ ಮಲ್ಲಿಗೆ'ಯಲ್ಲಿ ಹೆಚ್ಚು ಹೊತ್ತು ನಿಂತರೆ ತಪ್ಪಿಲ್ಲ. ಅಲ್ಲಿಯೇ ನಿಂತುಬಿಟ್ಟರೆ, 'ಶಿಲಾಲತೆ'ಯ ಕವಿಗೂ, 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ತೆರೆದ ಬಾಗಿಲು' ಸಂಕಲನದ ಕವಿಗೂ ಅನ್ಯಾಯವಾಗುತ್ತದೆ. ಒಲವು ಬೇರೆ, ಕಿವುಡು ಬೇರೆ.

ಒಲವಿಗಿಂತ ಕೃತಕತೆ ಹೆಚ್ಚಿನ ದೋಷ. ಫ್ಲಾಹರ್ಟಿಯವರ 1922ರ 'ನ್ಯಾನೂಕ್ ಆಫ್ ದಿ ನಾರ್ತ್' ಈ ಪ್ರಕಾರದ ಆದಿಕೃತಿಯೆಂದು ಹೆಸರಾಗಿದೆ. ಹಿಮದ ಮನೆಯೊಳಗೆ ಬೆಳಕು ಸಾಲದೆ ಅವರು ಅರ್ಧ ಮನೆಯನ್ನಷ್ಟೇ ಕಟ್ಟಿಸಿ ಚಿತ್ರೀಕರಿಸಿದರು. ಇದು ಕ್ಷಮ್ಯ; ಆ ಜನ ಅಂತಹ ಮನೆಗಳನ್ನು ಕಟ್ಟುತ್ತಿದ್ದುದು ನಿಜ. ಆದರೆ ಬಂದೂಕು ಬಳಸಲು ಕಲಿತಿದ್ದ ಬೇಟೆಗಾರರ ಕೈಗೆ ಹಳೆಯ ಈಟಿಯನ್ನು ಕೊಟ್ಟು, ಅವರು ಹಾಗೆಯೇ ಬದುಕುತ್ತಿರುವರೆಂದು ತೋರಿಸಿದ್ದು ಬೇರೆಯ ವಿಷಯ. ನಾಯಕನ ನಿಜನಾಮ ಅಲ್ಲಕಾರಿಯಲ್ಲಕ್. ತೆರೆಯ ಮೇಲೆ ಅವನ ಹೆಂಡತಿಯಾಗಿ ಕಂಡವಳು ಅವನ ಹೆಂಡತಿಯಲ್ಲ. ಫ್ಲಾಹರ್ಟಿಯವರಿಗೆ ಆ ಜನರ ಮೇಲೆ ಅಪಾರ ಪ್ರೀತಿಯಿತ್ತೆಂಬುದನ್ನು ಯಾರೂ ಅಲ್ಲಗಳೆದಿಲ್ಲ. ಪ್ರೀತಿಯೇ ಈ ಸುಳ್ಳನ್ನು ಆಡಿಸಿತೆಂಬುದು ಗಮನಾರ್ಹ. ಭಕ್ತಿಯಿಂದ ಚಿತ್ರ ಮಾಡಿಸುವವರು ಈ ಉದಾಹರಣೆಯನ್ನು ಮರೆಯಬಾರದು.

ಪಕ್ಷಪಾತದ ಪ್ರಶ್ನೆಗೆ ಭಾರತದಲ್ಲಿ ದೊರೆತ ಸ್ಪಷ್ಟ ಉತ್ತರಗಳಲ್ಲಿ ಒಂದು ಸರ್ವೋಚ್ಚ ನ್ಯಾಯಾಲಯದ 1992ರ ತೀರ್ಪಿನಲ್ಲಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದಲ್ಲಿ ನಡೆದ ವಿಷಾನಿಲ ದುರಂತವನ್ನು ಕುರಿತು ತಪನ್ ಬೋಸ್ ಮತ್ತು ಸುಹಾಸಿನಿ ಮುಳೆ 'ಬಿಯಾಂಡ್ ಜಿನೊಸೈಡ್' ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಅದು ಶ್ರೇಷ್ಠ ಕಥೇತರ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಪ್ರಶಸ್ತಿ ಕೊಟ್ಟ ಸರ್ಕಾರದ ದೂರದರ್ಶನವೇ ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ವಿಷಯ ಹಳತಾಯಿತು, ಚಿತ್ರದಲ್ಲಿ ಸಂಯಮವಿಲ್ಲ, ಸಮತೋಲನವಿಲ್ಲ, ಪರಿಹಾರದ ಮೊಕದ್ದಮೆಗಳು ನ್ಯಾಯಾಲಯದಲ್ಲಿವೆ ಎಂಬವು ಕಾರಣಗಳಾಗಿದ್ದವು. ನ್ಯಾಯಾಲಯ ಇವುಗಳಲ್ಲಿ ಯಾವುದನ್ನೂ ಒಪ್ಪಲಿಲ್ಲ. ಸರ್ಕಾರವನ್ನು ಟೀಕಿಸಿದೆಯೆಂಬ ಮಾತ್ರಕ್ಕೆ ಚಿತ್ರವನ್ನು ತಡೆಯಲಾಗದು. ಸಂಯಮ ತಪ್ಪಿದೆಯೆನ್ನುವವರು ಎಲ್ಲಿ, ಹೇಗೆ ತಪ್ಪಿದೆಯೆಂದು ತೋರಿಸಬೇಕು ಎಂಬುದು ತೀರ್ಪಿನ ಸಾರ. ಗಾಳಿಯೇ ವಿಷವಾದ ರಾತ್ರಿಯಲ್ಲಿ ಕಣ್ಣು ಕಳೆದುಕೊಂಡವರ ಮಗ್ಗುಲಲ್ಲಿ ನಿಂತು ಚಿತ್ರ ತೆಗೆದವರು ಕಾರ್ಖಾನೆಯ ಮಾಲೀಕರಿಗೂ ಅಷ್ಟೇ ನಿಮಿಷಗಳನ್ನು ಅಳೆದು ಕೊಡಬೇಕಾಗಿತ್ತು ಎನ್ನುವುದಾದರೆ, ಅಂತಹ ಸಮತೋಲನ ತಕ್ಕಡಿಯದೇ ಹೊರತು ನ್ಯಾಯದ್ದಲ್ಲ.

ಅದೇ ತೀರ್ಪಿನ ಮತ್ತೊಂದು ಅರ್ಧವನ್ನು ಚಿತ್ರವಿಮರ್ಶಕರು ಸಾಮಾನ್ಯವಾಗಿ ಮರೆಯುತ್ತಾರೆ. ಭೋಪಾಲದ ಚಿತ್ರದ ಜೊತೆಗೆ ಅಂದು ನಿರ್ಣಯವಾದದ್ದು ಒಂದು ಪತ್ರಿಕೆಯ ವಿಷಯ. ಅಹಮದಾಬಾದಿನ ಗ್ರಾಹಕ ಹೋರಾಟಗಾರ ಪ್ರೊ. ಮನುಭಾಯಿ ಶಾ ಅವರು ಜೀವ ವಿಮಾ ನಿಗಮವು ಪಾಲಿಸಿದಾರರಿಗೆ ಅನ್ಯಾಯ ಮಾಡುತ್ತಿದೆಯೆಂದು ಒಂದು ಅಧ್ಯಯನವನ್ನು ಪ್ರಕಟಿಸಿದ್ದರು. ನಿಗಮದ ಅಧಿಕಾರಿಯೊಬ್ಬರು 'ದಿ ಹಿಂದೂ' ಪತ್ರಿಕೆಯಲ್ಲಿ ಅದನ್ನು ಖಂಡಿಸಿದರು. ಶಾ ಅವರು ಕೊಟ್ಟ ಪ್ರತ್ಯುತ್ತರವನ್ನು ಅದೇ ಪತ್ರಿಕೆ ಅಚ್ಚು ಹಾಕಿತು. ನಿಗಮ ತನ್ನ 'ಯೋಗಕ್ಷೇಮ' ಪತ್ರಿಕೆಯಲ್ಲಿ ಅಧಿಕಾರಿಯ ಖಂಡನೆಯನ್ನು ಮಾತ್ರ ಅಚ್ಚು ಹಾಕಿ, ಶಾ ಅವರ ಪ್ರತ್ಯುತ್ತರಕ್ಕೆ ಜಾಗವಿಲ್ಲವೆಂದಿತು. ಅದು ಮನೆಯ ಪತ್ರಿಕೆ, ಏನು ಹಾಕಬೇಕೆಂಬುದು ಮನೆಯವರ ಇಷ್ಟ ಎಂಬುದು ನಿಗಮದ ವಾದ. ನ್ಯಾಯಾಲಯ ಇದನ್ನು ತಳ್ಳಿಹಾಕಿತು: ಒಂದು ಪಕ್ಷವನ್ನು ಓದುಗರ ಮುಂದಿಟ್ಟ ಮೇಲೆ ಮತ್ತೊಂದನ್ನೂ ಇಡುವುದೇ ನ್ಯಾಯ.

ಮೇಲುನೋಟಕ್ಕೆ ತೀರ್ಪಿನ ಎರಡು ಅರ್ಧಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಚಿತ್ರ ಒಂದು ಪಕ್ಷದ್ದಾಗಿದ್ದರೆ ತಪ್ಪಿಲ್ಲ, ಪತ್ರಿಕೆ ಒಂದು ಪಕ್ಷದ್ದಾದರೆ ತಪ್ಪು ಎಂದಂತಾಯಿತಲ್ಲ! ಆದರೆ ವಿರೋಧವಿಲ್ಲ. ಬೋಸ್ ಮತ್ತು ಮುಳೆ ಸಾಕ್ಷಿಗಳು. ದೂರದರ್ಶನವೂ ಯೋಗಕ್ಷೇಮವೂ ವೇದಿಕೆಯ ಒಡೆಯರು. ಸಾಕ್ಷಿಗೆ ಒಂದು ಕಡೆ ನಿಲ್ಲುವ ಹಕ್ಕುಂಟು. ವೇದಿಕೆಯ ಒಡೆಯನಿಗೆ ಒಂದೇ ಸಾಕ್ಷಿಯನ್ನು ಕರೆದು ಉಳಿದವರಿಗೆ ಬಾಗಿಲು ಹಾಕುವ ಹಕ್ಕಿಲ್ಲ. ಕಾನೂನಿನಲ್ಲಿ ಈ ಹೊಣೆ ಸರ್ಕಾರದ ಅಂಗಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಖಾಸಗಿ ಟ್ರಸ್ಟಿನ ಪತ್ರಿಕೆಯನ್ನೋ ಚಿತ್ರವನ್ನೋ ಅದು ಕಟ್ಟಿಹಾಕುವುದಿಲ್ಲ. ನೀತಿಯ ದೃಷ್ಟಿಯಿಂದ ನೋಡಿದರೆ, ಮನೆಯ ಪತ್ರಿಕೆಯೆಂಬ ವಾದ ಟ್ರಸ್ಟಿನ ಬಾಯಲ್ಲಿ ನಿಗಮದ ಬಾಯಲ್ಲಿದ್ದಷ್ಟೇ ದುರ್ಬಲ. ಪ್ರತಿ ಹೊರಗೆ ಮಾರಾಟವಾದ ಮೇಲೆ, ಚಿತ್ರ ಊರಿನವರ ಮುಂದೆ ಓಡಿದ ಮೇಲೆ, ಅದು ಮನೆಯ ಮಾತಾಗಿ ಉಳಿಯುವುದಿಲ್ಲ.

ಇದೇ ಸುಮಾರಿಗೆ ಶ್ರೀರಂಗಪಟ್ಟಣದ ಇತಿಹಾಸವನ್ನು ಕುರಿತ ವಿವಾದವೊಂದು ದೇಶದ ಗಮನ ಸೆಳೆದಿತ್ತು. ಭಗವಾನ್ ಗಿದ್ವಾನಿಯವರ 1976ರ ಕಾದಂಬರಿಯನ್ನು ಆಧರಿಸಿದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಬಂತು. ಅದು ಸಾಕ್ಷ್ಯಚಿತ್ರವಲ್ಲ, ಆದರೆ ಅದರ ಮೇಲಿನ ಆಕ್ಷೇಪ ಸಾಕ್ಷ್ಯಚಿತ್ರದ ಮೇಲಿನ ಆಕ್ಷೇಪದ್ದೇ ಆಗಿತ್ತು, ಇತಿಹಾಸವನ್ನು ಒಂದೇ ಕಣ್ಣಿನಿಂದ ತೋರಿಸಿದೆಯೆಂದು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಇದು ಕಾದಂಬರಿಯ ನಾಟಕರೂಪ, ಚರಿತ್ರೆಯ ನಿಖರತೆಯನ್ನು ಹೇಳಿಕೊಳ್ಳುವುದಿಲ್ಲ ಎಂಬ ಪ್ರಕಟಣೆಯೊಡನೆ ಪ್ರಸಾರ ಮುಂದುವರಿಯಿತು. ಕಾನೂನಿನ ತೊಡಕು ಅಲ್ಲಿಗೆ ಬಗೆಹರಿಯಿತು, ವಿಮರ್ಶೆಯ ತೊಡಕು ಬಗೆಹರಿಯಲಿಲ್ಲ. ಪ್ರಕಟಣೆ ಕೆಲವು ಕ್ಷಣ ಮಿನುಗಿ ಮಾಯವಾಗುತ್ತದೆ. ಕತ್ತಿ, ಕುದುರೆ, ಸಂಗೀತಗಳು ಮನಸ್ಸಿನಲ್ಲಿ ವರ್ಷಗಟ್ಟಲೆ ಇರುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳೊಳಗೇ ಎರಡು ಬಗೆಯ ಸಾಕ್ಷ್ಯಗಳು ಅಕ್ಕಪಕ್ಕದಲ್ಲಿವೆ. ಶ್ರೀರಂಗನಾಥನ ಗುಡಿಗೂ ಮೇಲುಕೋಟೆಗೂ ಟಿಪ್ಪು ಕೊಟ್ಟ ಕಾಣಿಕೆಗಳು ಒಂದು ಸಾಕ್ಷ್ಯ. ಮಂಡ್ಯಂ ಅಯ್ಯಂಗಾರ್ ಮನೆತನಗಳು ತಮ್ಮ ಹಿರಿಯರ ಹತ್ಯೆಯ ನೆನಪಿನಲ್ಲಿ ನರಕ ಚತುರ್ದಶಿಯ ಹಬ್ಬವನ್ನು ಮಾಡದೆ ಉಳಿದಿರುವುದು ಇನ್ನೊಂದು. ಒಂದನ್ನು ಮಾತ್ರ ಹೇಳುವ ಚಿತ್ರ ಸುಳ್ಳಾಗಬೇಕಾಗಿಲ್ಲ. ಒಂದನ್ನು ಹೇಳುತ್ತ ಮತ್ತೊಂದು ಕಟ್ಟುಕಥೆಯೆಂದು ನಂಬಿಸುವ ಚಿತ್ರ ಯಾವ ಕಡೆಯದಾದರೂ ಸುಳ್ಳಾಗುತ್ತದೆ. 1990ರ ಬಳಿಕ ಬಂದ ಪರವಿರೋಧದ ಚಿತ್ರಗಳಲ್ಲಿ ಎಷ್ಟು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆಂಬುದನ್ನು ಓದುಗರೇ ಎಣಿಸಬಹುದು.

ಪಕ್ಷಪಾತ ಅತ್ಯಂತ ಅಪಾಯಕಾರಿಯಾಗುವುದು ಅದಕ್ಕೆ ಹೆಸರಿಲ್ಲದಾಗ. 1948ರಲ್ಲಿ ಸ್ಥಾಪಿತವಾಗಿ, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಗಿರುವ ಫಿಲ್ಮ್ಸ್ ಡಿವಿಜನ್ನಿನ ಕಿರುಚಿತ್ರಗಳನ್ನು ಒಂದು ಕಾಲದಲ್ಲಿ ಊರೂರಿನ ಟಾಕೀಸುಗಳು ಕಥಾಚಿತ್ರಕ್ಕೆ ಮುನ್ನ ಕಡ್ಡಾಯವಾಗಿ ತೋರಿಸಬೇಕಾಗಿತ್ತು. ಆ ಗಂಭೀರ ಕಂಠವನ್ನು ಕೇಳಿ ಬೆಳೆದ ಪೀಳಿಗೆಗೆ ಅದು ಯಾರದೋ ಅಭಿಪ್ರಾಯವೆಂದು ತೋರಲೇ ಇಲ್ಲ. ಅಣೆಕಟ್ಟು ಎದ್ದಿತು, ನೀರು ಹರಿಯಿತು, ದೇಶ ಮುಂದುವರಿಯಿತು. ಮುಳುಗಿದ ಊರು ಆ ವಾಕ್ಯದಲ್ಲಿ ಇರಲಿಲ್ಲ. ಕನ್ನಂಬಾಡಿಯ ಕಟ್ಟೆಯ ಹಿನ್ನೀರಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಎದುರಾಗಿ ಫ್ರಾನ್ಸಿನ ಲೂಯಿ ಮಾಲ್ 1969ರಲ್ಲಿ ಭಾರತವನ್ನು ಕುರಿತು ಏಳು ಭಾಗಗಳ ಚಿತ್ರಮಾಲೆಯನ್ನು ತೆಗೆದರು. ತಾನು ಪರದೇಶಿ, ಕ್ಯಾಮೆರಾ ಹಿಡಿದು ನುಗ್ಗಿದವನು, ತನಗೆ ಎಲ್ಲವೂ ಅರ್ಥವಾಗುತ್ತಿಲ್ಲ ಎಂಬುದನ್ನು ಅವರ ದನಿ ಚಿತ್ರದೊಳಗೇ ಹೇಳುತ್ತದೆ. 1970ರಲ್ಲಿ ಬಿ.ಬಿ.ಸಿ. ಅದನ್ನು ಪ್ರಸಾರ ಮಾಡಿದಾಗ ಭಾರತ ಸರ್ಕಾರ ಕೆರಳಿ ಆ ಸಂಸ್ಥೆಯ ದೆಹಲಿ ಕಚೇರಿಯನ್ನೇ ಮುಚ್ಚಿಸಿತು. ಮಾಲ್ ಅವರ ಆಯ್ಕೆಗಳನ್ನು ಟೀಕಿಸಲು ಅವಕಾಶವಿದೆ. ಬಡತನದ ಮೇಲೆ ಅವರ ಕಣ್ಣು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿತು ಎನ್ನಬಹುದು. ಆದರೆ ನಿಂತ ನೆಲೆಯನ್ನು ಹೇಳಿಕೊಂಡ ಚಿತ್ರ ದಂಡನೆಗೆ ಒಳಗಾಯಿತು, ನೆಲೆಯನ್ನು ಮರೆಮಾಚಿದ ಚಿತ್ರಗಳು ಕಡ್ಡಾಯವಾಗಿ ಓಡಿದವು ಎಂಬುದು ವಿಚಿತ್ರವಾದ ಸತ್ಯ.

ಜೈನ ನ್ಯಾಯಶಾಸ್ತ್ರ ಈ ವ್ಯತ್ಯಾಸಕ್ಕೆ ಬಹಳ ಹಿಂದೆಯೇ ಹೆಸರಿಟ್ಟಿದೆ. ವಸ್ತುವಿನ ಅನಂತ ಧರ್ಮಗಳಲ್ಲಿ ಒಂದನ್ನು ಎತ್ತಿ ಹೇಳುವುದು ನಯ. ಒಂದನ್ನು ಎತ್ತಿ ಉಳಿದವುಗಳನ್ನು ಇಲ್ಲವೆನ್ನುವುದು ದುರ್ನಯ. ಕಿಕ್ಕೇರಿಯ ಗುಡಿ ಶಿಲ್ಪಿಗೆ ಕಲೆ, ಪೂಜೆಯವನಿಗೆ ದೇವರ ಮನೆ, ಶಾಸನ ಓದುವವನಿಗೆ ದಾನದ ದಾಖಲೆ. ಒಬ್ಬನು ತನ್ನದನ್ನಷ್ಟೇ ಹೇಳಿದರೂ ನಯದೊಳಗೇ ಇರುತ್ತಾನೆ. ಉಳಿದಿಬ್ಬರೂ ಭ್ರಾಂತರೆಂದ ಗಳಿಗೆಯಲ್ಲಿ ಅವನು ಗೆರೆ ದಾಟುತ್ತಾನೆ. ಆನೆಯನ್ನು ಮುಟ್ಟಿದ ಕುರುಡರ ಕಥೆ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ಆ ಕಥೆಯಲ್ಲಿ ಆನೆಯನ್ನು ಪೂರ್ತಿ ಕಾಣುವವನೊಬ್ಬ ಪಕ್ಕದಲ್ಲಿ ನಿಂತಿರುತ್ತಾನೆ. ಚಿತ್ರ ತೆಗೆಯುವವರಲ್ಲಿ ಅಂಥವನು ಯಾರೂ ಇಲ್ಲ, ಇರುವೆನೆಂದು ನಟಿಸುವವನೇ ಹೆಚ್ಚು ಸಂಶಯಾಸ್ಪದ. ಸ್ಯಾದ್ವಾದವೆಂದರೆ ಯಾವುದನ್ನೂ ಗಟ್ಟಿಯಾಗಿ ಹೇಳದಿರುವ ನಯಗಾರಿಕೆಯೆಂದು ತಿಳಿದವರೂ ಉಂಟು. 'ಸ್ಯಾತ್' ಎಂಬುದು ಅನುಮಾನದ ಮಾತಲ್ಲ, ಯಾವ ಅಪೇಕ್ಷೆಯಿಂದ ಹೇಳುತ್ತಿದೆಯೆಂಬುದರ ಗುರುತು. ಆ ಗುರುತು ಹಾಕಿದ ಮೇಲೆ ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಬಹುದು.

ಬೆಂಗಳೂರಿನ ದೀಪಾ ಧನರಾಜ್ ಅವರ 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಇದಕ್ಕೆ ಒಳ್ಳೆಯ ನಿದರ್ಶನ. ಸರ್ಕಾರದ ಕುಟುಂಬ ಯೋಜನೆಯನ್ನು ಅದಕ್ಕೆ ಗುರಿಯಾದ ಹೆಂಗಸರ ನೆಲೆಯಿಂದ ನೋಡುವ ಚಿತ್ರ ಅದು. ಆ ಒಲವನ್ನು ಅದು ಎಲ್ಲಿಯೂ ಮುಚ್ಚಿಡುವುದಿಲ್ಲ. ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರದಲ್ಲಿ ತಾನು ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ವೈದ್ಯನಿಗೆ ಅವನ ಮಾತನ್ನು ಅವನದೇ ದನಿಯಲ್ಲಿ ಆಡಲು ಅದು ಬಿಡುತ್ತದೆ. ಎದುರು ಪಕ್ಷದವನನ್ನು ಮೂಕನನ್ನಾಗಿ ಮಾಡದೆಯೂ ಅವನನ್ನು ವಿರೋಧಿಸಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ. ವೈದ್ಯನ ಪರವಾದ ನೋಡುಗನೊಬ್ಬ ಅದೇ ದೃಶ್ಯವನ್ನು ನೋಡಿ ಬೇರೆ ತೀರ್ಮಾನಕ್ಕೆ ಬರುವ ಅವಕಾಶವೂ ಅಲ್ಲಿ ಉಳಿದಿದೆ.

ಈ ಅಳತೆಗೋಲನ್ನು ಹಿಡಿದು ಸಲ್ಲೇಖನದ ಚಿತ್ರಗಳ ಕಡೆಗೆ ಬರಬೇಕು. 2006ರಲ್ಲಿ ಸಲ್ಲಿಕೆಯಾದ ಅರ್ಜಿಯೊಂದರ ಮೇಲೆ ರಾಜಸ್ಥಾನದ ಉಚ್ಚ ನ್ಯಾಯಾಲಯ 2015ರ ಆಗಸ್ಟ್ 10ರಂದು, ಸಂಥಾರಾ ವ್ರತವು ಆಗಿನ ಭಾರತೀಯ ದಂಡಸಂಹಿತೆಯ 306 ಮತ್ತು 309ನೆಯ ಕಲಮುಗಳ ಅಡಿಯಲ್ಲಿ ಅಪರಾಧವೆಂದು ತೀರ್ಪಿತ್ತಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಆ ಕೆಲವು ವಾರಗಳಲ್ಲಿಯೂ ಬಳಿಕವೂ ಕ್ಯಾಮೆರಾಗಳು ವ್ರತಧಾರಿಗಳ ಹಾಸಿಗೆಯವರೆಗೆ ಬಂದವು. ಕ್ಷೀಣಿಸಿದ ದೇಹವನ್ನು ಸಮೀಪದಿಂದ ತೋರಿಸಿ, ವಕೀಲನ ಒಂದು ಮಾತು, ವೈದ್ಯನ ಒಂದು ಮಾತು, ಅಳುವ ಬಂಧುವಿನ ಮುಖ, ಮುಗಿಯಿತು. ವ್ರತಕ್ಕೆ ಸ್ವತಃ ಶಾಸ್ತ್ರ ಹಾಕಿರುವ ಕಟ್ಟುಪಾಡುಗಳು ಆ ಚೌಕಟ್ಟಿನಲ್ಲಿ ಕಾಣುವುದು ಕಡಮೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ಸಂದರ್ಭಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಗದಿಪಡಿಸಿದ್ದಾರೆ. ಬದುಕಿನ ಆಸೆಯಂತೆಯೇ ಮರಣದ ಆಸೆಯನ್ನೂ ತತ್ತ್ವಾರ್ಥಸೂತ್ರ ಈ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಬೇಗ ಸಾಯಬೇಕೆಂಬ ಬಯಕೆಯೇ ವ್ರತಕ್ಕೆ ಕಳಂಕವೆನ್ನುವ ಪರಂಪರೆಯನ್ನು, ಈ ವಿಷಯವನ್ನು ಹೇಳದೆಯೇ ಆತ್ಮಹತ್ಯೆಯ ಪರಂಪರೆಯೆಂದು ತೋರಿಸಿದರೆ ಅದನ್ನು ದುರ್ನಯವೆನ್ನಲು ಸಂಕೋಚಪಡಬೇಕಾಗಿಲ್ಲ.

ಆದರೆ ಸಮಾಜ ತಾನೇ ಮಾಡಿಸಿದ ಚಿತ್ರಗಳು ಇದಕ್ಕಿಂತ ಉತ್ತಮವಾಗಿವೆಯೆ? ಅವುಗಳಲ್ಲಿ ಮೆರವಣಿಗೆ ಇರುತ್ತದೆ, ಜಯಘೋಷ ಇರುತ್ತದೆ, ಆಚಾರ್ಯರ ಪ್ರವಚನ ಇರುತ್ತದೆ. ಅರ್ಜಿದಾರನ ಪ್ರಶ್ನೆ ಇರುವುದಿಲ್ಲ. ಮುಪ್ಪಿನವರ ಮೇಲೆ, ಅದರಲ್ಲಿಯೂ ಒಬ್ಬಂಟಿ ಹೆಂಗಸರ ಮೇಲೆ ಮನೆಯವರ ಒತ್ತಡ ಎಂದಾದರೂ ಬಿದ್ದೀತೆ, ಬಿದ್ದರೆ ಅದನ್ನು ಗುರುತಿಸುವವರು ಯಾರು ಎಂಬುದು ವಿರೋಧಿಗಳ ಪ್ರಶ್ನೆ ಮಾತ್ರವಲ್ಲ. ವ್ರತದ ಶುದ್ಧಿಯನ್ನು ಬಯಸುವವರು ಮೊದಲು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳಿ, ಗುರುವಿನ ಅನುಮತಿ ಮತ್ತು ಪರೀಕ್ಷೆಯ ಕ್ರಮ ಏನೆಂದು ಸಾವಧಾನವಾಗಿ ತೋರಿಸುವ ಚಿತ್ರ ಎಷ್ಟು ಜಯಘೋಷಗಳಿಗೂ ಮಿಗಿಲಾದ ಸಮರ್ಥನೆಯಾದೀತು. ಇಷ್ಟರ ಮೇಲೆ, ಕೀರ್ತಿಯ ಆಸೆಯಿಂದ ದೂರವಿರಬೇಕಾದವರ ಮುಖಕ್ಕೆ ದೀಪ ಹಿಡಿದು ಅವರನ್ನು ಪ್ರಸಿದ್ಧರನ್ನಾಗಿ ಮಾಡುವುದು ಎಷ್ಟು ಉಚಿತ? ಇಲ್ಲಿ ಹೊರಗಿನ ಕ್ಯಾಮೆರಾಕ್ಕೂ ಒಳಗಿನ ಕ್ಯಾಮೆರಾಕ್ಕೂ ವ್ಯತ್ಯಾಸವಿಲ್ಲ.

ಮೆಚ್ಚುಗೆಯ ಪಕ್ಷಪಾತವನ್ನು ಯಾರೂ ಪಕ್ಷಪಾತವೆಂದು ಗುರುತಿಸುವುದಿಲ್ಲ. ಮೈಕೇಲ್ ಟೋಬಿಯಾಸ್ ಅಮೆರಿಕದ ಸಾರ್ವಜನಿಕ ದೂರದರ್ಶನಕ್ಕಾಗಿ 1987ರಲ್ಲಿ ಜೈನಧರ್ಮವನ್ನು ಕುರಿತು 'ಅಹಿಂಸಾ' ಎಂಬ ಚಿತ್ರ ಮಾಡಿದರು. ಅದು ಆರಾಧನೆಯ ಕಣ್ಣಿನಿಂದ ನೋಡಿದ ಚಿತ್ರ. ಪರದೇಶಗಳ ಜೈನ ಮನೆಗಳಲ್ಲಿ ಅದಕ್ಕೆ ಆದರ ದೊರೆಯಿತು. ಏಕಪಕ್ಷೀಯವೆಂಬ ದೂರು ಅದಕ್ಕೆ ಬರಲಿಲ್ಲ. ಮಸ್ತಕಾಭಿಷೇಕದ ಚಿತ್ರಗಳಿಗೂ ಬರುವುದಿಲ್ಲ. 1981ರ ಸಹಸ್ರಾಬ್ದಿಯ ಉತ್ಸವದಲ್ಲಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂಮಳೆಗರೆದ ದೃಶ್ಯ ಪ್ರಸಿದ್ಧವಾದ ಮೇಲೆ, ಮೇಲಿನಿಂದ ನೋಡುವುದೇ ಆ ಉತ್ಸವವನ್ನು ನೋಡುವ ಕ್ರಮವೆಂಬಂತಾಗಿದೆ. ಮೇಲಿನಿಂದ ಕಾಣದವರು ಅನೇಕರು. ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಮುದುಕರನ್ನು ಹೊತ್ತು ಏರುವ ಡೋಲಿಯವರು, ಕಲಶಗಳಿಗಾಗಿ ಅಟ್ಟಣಿಗೆ ಕಟ್ಟಿದ ಕೆಲಸಗಾರರು, ಉತ್ಸವ ಮುಗಿದ ಮೇಲೆ ಊರನ್ನು ಗುಡಿಸುವವರು, ಸುತ್ತಮುತ್ತಲಿನ ಊರುಗಳ ಒಕ್ಕಲು ಮಕ್ಕಳು. ಕಿಕ್ಕೇರಿಯ ರೈತನೊಬ್ಬನನ್ನು ನಿಲ್ಲಿಸಿ ಹನ್ನೆರಡು ವರ್ಷಕ್ಕೊಮ್ಮೆ ತನ್ನ ಊರಿನ ಮೇಲೆ ಹಾದುಹೋಗುವ ಈ ಜನಪ್ರವಾಹ ತನಗೇನು ತಂದಿತು, ಏನು ಕೊಂಡೊಯ್ದಿತು ಎಂದು ಕೇಳುವ ಚಿತ್ರ ಭಕ್ತಿಗೆ ಎರವಾಗುವುದಿಲ್ಲ. ಚಿತ್ರಕ್ಕೆ ಹಣ ಕೊಟ್ಟವರು ಈ ದೃಶ್ಯಗಳನ್ನು ಬೇಡವೆಂದರೆ ತೆಗೆಯುವವನು ಏನು ಮಾಡಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಅವನ ಅನ್ನ ಅದರಲ್ಲಿದೆ. ಆದುದರಿಂದಲೇ ಹೊಣೆ ಹಣ ಕೊಟ್ಟವರ ಮೇಲೆ ಹೆಚ್ಚು.

ಟ್ರಸ್ಟುಗಳು ಒಲವಿಲ್ಲದ ಚಿತ್ರ ಮಾಡಿಸಬೇಕೆಂದು ಯಾರೂ ಕೇಳಲಾರರು. ಚಂದ್ರಗಿರಿಯ ನಿಸಿದಿ ಶಾಸನಗಳೇ ಒಲವಿನವು. ಸುಮಾರು ಕ್ರಿ.ಶ. 600ರ ಪ್ರಭಾಚಂದ್ರರ ಶಾಸನದಿಂದ ಮೊದಲುಗೊಂಡು ಆ ಬೆಟ್ಟದ ಬಂಡೆಗಳು ವ್ರತವನ್ನು ಸಾಧಿಸಿದವರ ಹೆಸರುಗಳನ್ನು ಹೇಳುತ್ತವೆ. ವ್ರತವನ್ನು ನಡುವೆ ಬಿಟ್ಟವರಿಗೆ, ಹಿಂಜರಿದವರಿಗೆ ಅಲ್ಲಿ ಕಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಗಂಗರಾಜ ತನ್ನ ತಾಯಿ ಪೋಚಿಕಬ್ಬೆಗೂ ಮಡದಿ ಲಕ್ಷ್ಮೀಮತಿಗೂ ನಿಲ್ಲಿಸಿದ ಶಾಸನಗಳಲ್ಲಿ ನಿಷ್ಪಕ್ಷಪಾತವನ್ನು ಹುಡುಕುವುದು ಅಸಂಬದ್ಧ. ಆದರೂ ಷ. ಶೆಟ್ಟರ್ ಅವರಂತಹ ಇತಿಹಾಸಕಾರರು ಅವುಗಳ ಮೇಲೆ ಭಾರ ಹಾಕಿ ಸಾವನ್ನು ಕುರಿತ ಜೈನ ಚಿಂತನೆಯ ಇತಿಹಾಸವನ್ನು ಬರೆಯಲು ಸಾಧ್ಯವಾಯಿತು. ಗಂಗರಾಜನ ಕಲ್ಲುಗಳಂಥವು ಯಾರಿಗಾಗಿ, ಯಾರು ನಿಲ್ಲಿಸಿದರೆಂಬುದನ್ನು ತಾವೇ ಹೇಳುತ್ತವೆ. ಓದುವವನು ಅದಕ್ಕೆ ತಕ್ಕಂತೆ ತೂಗಿಕೊಳ್ಳಬಹುದು. ಬಮ್ಮವೆ ನಾಯಕಿತಿಯ ಹೆಸರು ಎಂಟೂವರೆ ಶತಮಾನಗಳ ಬಳಿಕವೂ ತಿಳಿದಿರುವುದಕ್ಕೂ ಇಂತಹ ಬರಹವೇ ಕಾರಣ.

ಇಂದಿನ ಸಾಕ್ಷ್ಯಚಿತ್ರದಲ್ಲಿ ಈ ವಿವರ ಇರುವುದು ಕೊನೆಯಲ್ಲಿ, ಜನ ಎದ್ದು ಚಪ್ಪಲಿ ಹುಡುಕುವಾಗ, ಸಣ್ಣ ಅಕ್ಷರಗಳಲ್ಲಿ. ಹಣ ಯಾರದು, ಯಾವ ಸಮಿತಿ ಚಿತ್ರಕಥೆಯನ್ನು ಒಪ್ಪಿತು, ಯಾರನ್ನು ಮಾತಾಡಿಸಲಿಲ್ಲ ಎಂಬುದನ್ನು ಮೊದಲ ನಿಮಿಷದಲ್ಲಿಯೇ ಹೇಳಲು ಖರ್ಚಿಲ್ಲ. ಚಿತ್ರವನ್ನು ಕುರಿತು ಬಂದ ಆಕ್ಷೇಪದ ಪತ್ರವನ್ನು ಟ್ರಸ್ಟಿನ ಪತ್ರಿಕೆಯಲ್ಲಿ ಅಚ್ಚು ಹಾಕಲು ಅರ್ಧ ಪುಟ ಸಾಕು. ದೊಡ್ಡಬೆಟ್ಟದ ಮೇಲೆ ಚಾವುಂಡರಾಯ ಮಾಡಿಸಿದನೆಂಬ ಬರಹವನ್ನು ಗೊಮ್ಮಟನ ಪಾದದ ಬಳಿ, ಮೆಟ್ಟಿಲೇರಿ ಬಂದು ತಲೆ ಬಾಗಿಸಿದವರ ಕಣ್ಣಿಗೆ ಬೀಳುವಂತೆ, ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಕೊರೆಯಲಾಗಿದೆ.